ರೋಪ್‌ವೇ ಬರುವ ಮೊದಲೇ ಅಂಜನಾದ್ರಿ ಹತ್ತಿರ ರೂಮು ಕಟ್ಟಲಾ?

ಅಂಜನಾದ್ರಿ ಬೆಟ್ಟದ ಹತ್ತಿರ 20 ಗುಂಟೆ ಜಾಗ ಇದೆ, ರೋಪ್‌ವೇ ಬರುತ್ತಂತೆ, ರಸ್ತೆ ಅಗಲ ಆಗುತ್ತಂತೆ, 15 ಲಕ್ಷ ಸಾಲ ಮಾಡಿ ಎಂಟು ರೂಮು ಈಗಲೇ ಕಟ್ಟಲಾ, ಎಲ್ಲಾ ಬಂದ ಮೇಲೆ ಕಟ್ಟಲಾ? ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ, ನಗು ಬಂದದ್ದು ನನ್ನ ಮೇಲೆ. 2008ರಲ್ಲಿ ನಾನೂ ಇದೇ ಮಾತು ಕೇಳುತ್ತಾ ಊರೆಲ್ಲಾ ಓಡಾಡಿದ್ದೆ. ನಿಮ್ಮದು ರೋಪ್‌ವೇ, ನನ್ನದು ಸೇತುವೆ.

ಹಂಪಿ ಕಡೆಯ ತಳವಾರಘಟ್ಟದಿಂದ ಅಂಜನಾದ್ರಿ ಕಡೆಯ ನಮ್ಮ ಆನೆಗುಂದಿಗೆ ತುಂಗಭದ್ರೆ ಮೇಲೆ ಆಗ ಸೇತುವೆ ಏಳುತ್ತಿತ್ತು. ಆ ದಡ ಆಗಿನ್ನೂ ಬಳ್ಳಾರಿ ಜಿಲ್ಲೆ, ಈ ದಡ ಕೊಪ್ಪಳ. ಮಧ್ಯೆ ಹರಿಗೋಲೇ ಗತಿ. ಬೈಕನ್ನೂ ಅದರಲ್ಲೇ ಏರಿಸಿಕೊಂಡು ಬರುತ್ತಿದ್ದರು. ಕಾರಿನವರು ಹೊಸಪೇಟೆ ಮೇಲೋ ಕಂಪ್ಲಿ ಮೇಲೋ ಸುತ್ತು ಹಾಕಬೇಕು. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ಹರಿಗೋಲೂ ಬಂದ್, ಕಂಪ್ಲಿ ಸೇತುವೆಯೂ ಮುಳುಗಡೆ. ಹಾಗಾಗಿ ಸೇತುವೆ ಆಯಿತೆಂದರೆ ಹಂಪಿಯ ಜನವೆಲ್ಲಾ ಐದು ನಿಮಿಷದಲ್ಲಿ ನಮ್ಮ ಕಡೆ ಬರುತ್ತಾರೆ ಅಂತ ನನ್ನ ಲೆಕ್ಕ. ನನ್ನೊಬ್ಬನದೇ ಅಲ್ಲ, ಚಹಾ ಅಂಗಡಿಯಲ್ಲಿ ಕೂತವರೆಲ್ಲರದೂ ಅದೇ ಲೆಕ್ಕ.

ನಮ್ಮವ್ವನ ಹೆಸರಲ್ಲಿದ್ದ ಜಾಗ, ಸೇತುವೆ ಕಡೆ ಹೋಗುವ ರಸ್ತೆಗೆ ಅಂಟಿಕೊಂಡೇ ಇತ್ತು. 2008ರ ಜೂನ್‌ನಲ್ಲಿ 6 ಲಕ್ಷ ಸಾಲ ತೆಗೆದೆ. ಏಳು ವರ್ಷ, ತಿಂಗಳಿಗೆ ಹತ್ತಿರ ಹತ್ತಿರ 11 ಸಾವಿರ ಕಂತು. ಮೊದಲ ಕಂತು 2009ರ ಫೆಬ್ರುವರಿಗೆ. ಅಷ್ಟರಲ್ಲಿ ಸೇತುವೆ ಮೇಲೆ ಗಾಡಿ ಓಡುತ್ತಿರುತ್ತದೆ ಅಂದುಕೊಂಡು ಆ ದಿನವನ್ನು ನಾನೇ ಕೇಳಿ ಬರೆಸಿದ್ದೆ. ಆರು ರೂಮು ಕಟ್ಟಿದೆ. ಆರಕ್ಕೂ ತೇಗದ ಬಾಗಿಲು.

2009ರ ಜನವರಿ 22ರಂದು, ಕೆಲಸ ನಡೆಯುತ್ತಿದ್ದಾಗಲೇ ಸೇತುವೆ ಕುಸಿದು ಬಿತ್ತು. ಕೆಲಸಗಾರರು ಸತ್ತರು. ನಾನೂ ಓಡಿ ಹೋಗಿ ದಂಡೆಯ ಮೇಲೆ ನಿಂತಿದ್ದೆ. ಮೊದಲು ತಲೆಗೆ ಬಂದದ್ದು ಕಂತು. ಇದನ್ನು ಇವತ್ತಿನವರೆಗೆ ಮನೆಯಲ್ಲೂ ಹೇಳಿಲ್ಲ.

ಸೇತುವೆ ಬಿದ್ದದ್ದು ನನ್ನ ತಪ್ಪಲ್ಲ, ಸರಿ. ಆದರೆ ನಾನು ಮುಳುಗಿದ್ದು ಸೇತುವೆ ಬಿದ್ದಿದ್ದಕ್ಕೆ ಅಲ್ಲ. ಇದು ಅರ್ಥ ಆಗಲು ನನಗೇ ನಾಲ್ಕು ವರ್ಷ ಬೇಕಾಯಿತು, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಆ ಸೇತುವೆಯ ಕಥೆ ಊರಿಗೆಲ್ಲಾ ಗೊತ್ತಿತ್ತು. ತೊಂಬತ್ತರ ದಶಕದ ಕೆಲಸ ಅದು. ಯುನೆಸ್ಕೋದವರು ತಕರಾರು ತೆಗೆದು 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿದರು. ಪಟ್ಟಿಯಿಂದ ಹೊರಗೆ ಬರಲು 2006 ಆಯಿತು. ಇಷ್ಟು ವರ್ಷ ಎಳೆದಾಡಿದ ಕೆಲಸ ನನ್ನ ಫೆಬ್ರುವರಿ ಕಂತಿಗೆ ಸರಿಯಾಗಿ ಮುಗಿಯುತ್ತದೆ ಅಂತ ನಂಬಿದ್ದೆನಲ್ಲ, ಅದು ಮೊದಲ ದಡ್ಡತನ. ಅದನ್ನೂ ಬಿಡಿ. ಸೇತುವೆ ಬೀಳದೆ ಫೆಬ್ರುವರಿಗೇ ತೆರೆದಿದ್ದರೂ ನನ್ನ ರೂಮು ಖಾಲಿಯೇ ಇರುತ್ತಿದ್ದವು!

ಯಾಕೆಂದರೆ, ರೂಮಿನ ಬಾಗಿಲು, ಕಿಟಕಿ ಎಲ್ಲಾ ರಸ್ತೆಗೆ ಮುಖ ಮಾಡಿ ಇಟ್ಟಿದ್ದೆ. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳಲಿ ಅಂತ. ಸುಗ್ಗಿಯಲ್ಲಿ ರಾತ್ರಿಯಿಡೀ ಭತ್ತದ ಟ್ರ್ಯಾಕ್ಟರ್ ಓಡುವ ರಸ್ತೆ ಅದು. ಬೆಂಗಳೂರಿನ ಒಂದು ಜೋಡಿ ಒಂದೇ ರಾತ್ರಿ ಇದ್ದು, ಬೆಳಗಾಗುವ ಮೊದಲೇ ಬ್ಯಾಗು ಕಟ್ಟಿತು. ಉಳಿಯಲು ಬರುವವರಿಗೆ ರಸ್ತೆ ಬೇಡ. ಅವರಿಗೆ ಬಂಡೆ ಬೇಕು, ಗದ್ದೆ ಬೇಕು, ಸದ್ದಿಲ್ಲದ ಕತ್ತಲು ಬೇಕು. ಅವರು ಸಾಣಾಪುರದ ಕಡೆ ಹೋಗುತ್ತಾರೆ. ರಸ್ತೆ ಬೇಕಾದವರು ಬೆಟ್ಟ ಹತ್ತಿ, ಹನುಮಪ್ಪನಿಗೆ ಕೈ ಮುಗಿದು, ಅದೇ ರಸ್ತೆಯಲ್ಲಿ ವಾಪಸ್ ಹೋಗುತ್ತಾರೆ. ನಾನು ಕಟ್ಟಿದ್ದು ಈ ಎರಡೂ ಥರದವರಿಗೆ ಬೇಡವಾದ ರೂಮು.

ಕಟ್ಟುವ ಮುಂಚೆ ಯಾರನ್ನು ಕೇಳಿದ್ದೆ ಹೇಳಿ? ಗುತ್ತಿಗೆದಾರನನ್ನು, ಬ್ಯಾಂಕಿನವರನ್ನು, ಗಂಗಾವತಿಯ ಸಿಮೆಂಟ್ ಅಂಗಡಿಯವನನ್ನು. ಮೂರೂ ಜನ ಕಟ್ಟು ಅಂದರು. ಕಟ್ಟದಿದ್ದರೆ ಅವರಿಗೇನು ಸಿಗುತ್ತಿತ್ತು? ದಿನಾ ಜನರನ್ನು ದಾಟಿಸುವ ಹರಿಗೋಲಿನವನನ್ನು ಮಾತ್ರ ಕೇಳಲಿಲ್ಲ. ಆಮೇಲೆ ಒಂದು ದಿನ ಅವನೇ ಅಂದ: "ಏ ತಮ್ಮ, ನಿಮ್ಮ ಕಡೆ ಮಂದಿ ಉಳಿಯೋದು ಸಂಜಿಗೆ ಹರಿಗೋಲು ಸಿಗಲಾರದ್ದಕ್ಕ. ಸೇತುವಿ ಆದರ ಯಾಕ ಉಳಿತಾರ?"

ಆಗ ನನಗೆ ಸಿಟ್ಟು ಬಂದಿತ್ತು. ಮುಂದೆ ಕಡೆಬಾಗಿಲು ಹತ್ತಿರ ಬೇರೆ ಸೇತುವೆ ಆಯಿತಲ್ಲ, ಅವನು ಹೇಳಿದ್ದೇ ನಿಜವಾಯಿತು. ಕಾರುಗಳು ಬಂದವು. ಸಂಜೆಗೆ ಎಲ್ಲಾ ಹೊಸಪೇಟೆ ಲಾಡ್ಜಿನ ದಾರಿ ಹಿಡಿದವು. ಆ ದಾರಿ ನನ್ನ ರೂಮಿನ ಮುಂದೆ ಹಾಯುವುದೂ ಇಲ್ಲ.

ಅದಕ್ಕೇ ರೋಪ್‌ವೇ ಬರುವ ಮುಂಚೆಯಾ, ಬಂದ ಮೇಲಾ ಅನ್ನುವ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನಗೆ ಅನಿಸುತ್ತದೆ. ರೋಪ್‌ವೇ ಬಂದರೆ ಜನ ಜಾಸ್ತಿ ಆಗುತ್ತಾರೆ, ಒಪ್ಪಿದೆ. ಜಾಸ್ತಿ ಹೊತ್ತು ಇರುತ್ತಾರೆ ಅಂತ ಯಾರು ಹೇಳಿದರು? ಈಗ 575 ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಕಾಲು ಸೋತಿರುತ್ತವೆ. ಕೆಳಗೆ ಬಂದು ಕೂರುತ್ತಾರೆ, ಲಿಂಬು ಶರಬತ್ತು ಕುಡಿಯುತ್ತಾರೆ, ಒಗ್ಗರಣೆ ಮಿರ್ಚಿ ತಿನ್ನುತ್ತಾರೆ. ಬೆಟ್ಟದ ಕೆಳಗಿನ ಅಂಗಡಿಗಳೆಲ್ಲಾ ಬದುಕಿರುವುದು ಆ ಸುಸ್ತಿನ ಮೇಲೆ. ತೊಟ್ಟಿಲಲ್ಲಿ ಕೂತು ಮೇಲೆ ಹೋಗಿ ಬಂದವನಿಗೆ ಎಲ್ಲಿಯ ಸುಸ್ತು? ವಯಸ್ಸಾದವರಿಗೆ ರೋಪ್‌ವೇ ಬೇಕೇ ಬೇಕು. ನಮ್ಮವ್ವ ಮಂಡಿ ನೋವಿಗೆ ಬೆಟ್ಟ ಹತ್ತುವುದನ್ನೇ ಬಿಟ್ಟಳು. ಆದರೆ ಅದು ನಿಮ್ಮ ರೂಮು ತುಂಬಿಸಲು ಬರುತ್ತಿಲ್ಲ. 2022ರ ಬಜೆಟ್‌ನಲ್ಲಿ ಅಂಜನಾದ್ರಿಗೆ 100 ಕೋಟಿ ಅಂದಾಗ ಸುತ್ತಲಿನ ಜಮೀನಿಗೆಲ್ಲಾ ರೆಕ್ಕೆ ಬಂತು. ಘೋಷಣೆ ಆದ ದಿನವೇ ಜಮೀನಿನ ರೇಟು ಏರುತ್ತದೆ. ಗಿರಾಕಿ ಬರುವುದು ಕೆಲಸ ಮುಗಿದ ಮೇಲೆ. ಮಧ್ಯದ ವರ್ಷಗಳ ಬಡ್ಡಿ ನಿಮ್ಮ ತಲೆಗೆ.

ಇನ್ನೊಂದು. ಜಾಗ ನಿಮ್ಮದೇ ಇರಬಹುದು, ಪಹಣಿ ಸರಿ ಇರಬಹುದು. ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗಿದೆಯಾ? ಹಂಪಿ ವಿಶ್ವ ಪರಂಪರೆ ಪ್ರದೇಶ ನೋಡಿಕೊಳ್ಳುವ ಹಂಪಿ ಪ್ರಾಧಿಕಾರದ ಅನುಮತಿ ಇದೆಯಾ? ಅದರ ವ್ಯಾಪ್ತಿಯಲ್ಲಿ 29 ಹಳ್ಳಿ ಇವೆ, ನಮ್ಮ ಕಡೆಯವೂ ಸೇರಿ. ಹಂಪಿ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಏನಾಯಿತು ನೋಡಿದ್ದೀರಲ್ಲ. ವರ್ಷಗಟ್ಟಲೆ ಚೆನ್ನಾಗಿ ನಡೆದ ರೆಸಾರ್ಟುಗಳು. 2020ರ ಫೆಬ್ರುವರಿಯಲ್ಲಿ ಅವು ಅಕ್ರಮ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಜೆಸಿಬಿ ಬಂತು. ಬ್ಯಾಂಕಿನವರು ಸಾಲ ಕೊಟ್ಟರು ಅಂದ ಮಾತ್ರಕ್ಕೆ ಅನುಮತಿ ಸಿಕ್ಕ ಹಾಗಲ್ಲ.

ನನ್ನ ಕಥೆ ಮುಗಿಸಿಬಿಡುತ್ತೇನೆ. ಏಳು ವರ್ಷದ ಸಾಲ ತೀರಲು ಒಂಬತ್ತು ವರ್ಷ ಹಿಡಿಯಿತು. ತೀರಿಸಿದ್ದು ರೂಮುಗಳಲ್ಲ. 2012ರಲ್ಲಿ ಹನುಮಮಾಲೆ ಬಿಚ್ಚಲು ಬಂದವರ ಒಂದು ಕ್ರೂಸರ್ ನಸುಕಿಗೆ ನಮ್ಮ ಮನೆ ಮುಂದೆ ನಿಂತಿತು. ಹೆಣ್ಣುಮಕ್ಕಳು ಇಳಿದು ಬಂದು "ಅಣ್ಣಾ, ಸ್ನಾನಕ್ಕೆ ಜಾಗ ಇದೆಯಾ?" ಅಂದರು. ರೂಮು ಕೇಳಲಿಲ್ಲ. ಮರುವಾರವೇ ಎರಡು ರೂಮಿನ ಗೋಡೆ ಒಡೆಸಿ ಸ್ನಾನದ ಮನೆ, ಶೌಚಾಲಯ ಮಾಡಿಸಿದೆ. ಸೌದೆ ಒಲೆ ಮೇಲೆ ಬಿಸಿನೀರು. ಇನ್ನೊಂದು ರೂಮು ಬ್ಯಾಗು ಇಡಲು. ಅಂಗಳದಲ್ಲಿ ಚಪ್ಪರ ಹಾಕಿ ನೆರಳಿಗೆ ಗಾಡಿ ನಿಲ್ಲಿಸಿದೆವು. ಅವ್ವ ಬಾಣಲೆ ಇಟ್ಟಳು. ಶನಿವಾರದ ಒಂದು ದಿನದ ಮಿರ್ಚಿ ದುಡ್ಡು ಆರು ರೂಮಿನ ತಿಂಗಳ ಬಾಡಿಗೆಗಿಂತ ಜಾಸ್ತಿ ಇರುತ್ತಿತ್ತು.

ನೀವು ಒಂದು ಕೆಲಸ ಮಾಡಿ. ಒಂದು ಶನಿವಾರ, ಒಂದು ಮಂಗಳವಾರ ನಸುಕಿನ ನಾಲ್ಕಕ್ಕೆ ಹೋಗಿ ಬೆಟ್ಟದ ಕೆಳಗೆ ಕೂತುಕೊಳ್ಳಿ. ಯಾವ ಊರಿನ ಗಾಡಿ, ಎಷ್ಟು ಜನ, ಇಳಿದ ಕೂಡಲೇ ಮೊದಲು ಏನು ಹುಡುಕುತ್ತಾರೆ, ಕತ್ತಲಾದ ಮೇಲೆ ಯಾವ ಕಡೆ ತಿರುಗುತ್ತಾರೆ, ಬರೆದುಕೊಳ್ಳಿ. ಏಪ್ರಿಲ್ ಬಿಸಿಲಲ್ಲಿ ಇನ್ನೊಮ್ಮೆ ಹೋಗಿ. ಬಂಡೆ ಕಾದಾಗ ನಮ್ಮ ಕಡೆ ಯಾರು ಉಳಿಯುತ್ತಾರೆ ಅಂತ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ಕಟ್ಟಲೇಬೇಕು ಅನಿಸಿದರೆ ಎಂಟು ಬೇಡ, ಎರಡೇ ಕಟ್ಟಿ. ಅದೂ ರಸ್ತೆಗೆ ಬೆನ್ನು ಮಾಡಿ. ಗೋಡೆ ಒಡೆಸಿದಾಗ ಬಿಚ್ಚಿದ ತೇಗದ ಬಾಗಿಲು ಎರಡು ನಮ್ಮ ಹಿತ್ತಲಲ್ಲಿ ಇನ್ನೂ ಒರಗಿಸಿವೆ, ಗೆದ್ದಲು ಹಿಡಿದಿಲ್ಲ. ಬೇಕಿದ್ದರೆ ಬಂದು ನೋಡಿ, ಅರ್ಧ ರೇಟಿಗೆ ಕೊಡುತ್ತೇನೆ.