ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಪ್ಲಾಸ್ಮಾ ಫಿಲ್ಟರ್‌ನಲ್ಲಿ ಯಾವ್ದು ಮಾಡ್ಸೋದು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನ್ನ ತಮ್ಮನಿಗೆ 28 ವರ್ಷ, ಮೂತ್ರ ಕೆಂಪಗೆ ಹೋಗ್ತಿದೆ ಅಂತ ತೋರ್ಸಿದ್ರೆ ಕ್ರಿಯಾಟಿನಿನ್ (ಕಿಡ್ನಿ ಕೆಲಸ ತಿಳಿಸೋ ರಕ್ತ ಪರೀಕ್ಷೆ) 4.8 ಬಂತು, ಬಯಾಪ್ಸಿ ಮಾಡಿ ಆಂಟಿ ಜಿಬಿಎಂ ಕಾಯಿಲೆ, ಅಂದ್ರೆ ದೇಹದ ಆಂಟಿಬಾಡಿನೇ ಕಿಡ್ನಿ ಮೇಲೆ ದಾಳಿ ಮಾಡೋದು ಅಂದ್ರು. ಇಲ್ಲಿನ ಡಾಕ್ಟ್ರು ಪ್ಲಾಸ್ಮಾ (ರಕ್ತದ ದ್ರವ ಭಾಗ) ಎಕ್ಸ್‌ಚೇಂಜ್ ಇವತ್ತೇ ಶುರು ಮಾಡೋಣ ಅಂತಾರೆ, ಬೆಂಗಳೂರಲ್ಲಿ ವಿಚಾರಿಸಿದ್ರೆ ಡಿಎಫ್‌ಪಿಪಿ (ಎರಡು ಫಿಲ್ಟರ್ ಹಾಕಿ ಸೋಸೋದು) ಮಾಡ್ಸಿ ಆಲ್ಬುಮಿನ್ (ರಕ್ತದ ಪ್ರೋಟೀನ್) ಖರ್ಚು ಉಳಿಯುತ್ತೆ ಅಂದ್ರು, ಜರ್ಮನಿಲಿರೋ ನಮ್ಮ ಭಾವ ಇಮ್ಯುನೋಅಡ್ಸಾರ್ಪ್ಷನ್ನೇ (ಆಂಟಿಬಾಡಿ ಮಾತ್ರ ಹಿಡಿದು ತೆಗೆಯೋದು) ಬೆಸ್ಟ್ ಅಂತಾರೆ. ಯಾವ್ದು ಮಾಡ್ಸೋದು? ಲೂಪಸ್ ಕಿಡ್ನಿ ತೊಂದ್ರೆ ಇರೋ ಚಿಕ್ಕಮ್ಮನಿಗೂ ಈ ಚಿಕಿತ್ಸೆ ಆಗುತ್ತಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಗೆ ಅವತ್ತೇ ಮೇಲ್ ಹಾಕಿದೀನಿ, ಪತ್ರಿಕೆ ಪ್ರಿಂಟಾಗೋವರೆಗೆ ಕಾಯೋ ಕಾಯಿಲೆ ಅಲ್ಲ ಇದು. ಬೇರೆಯವ್ರಿಗೂ ಗೊತ್ತಾಗ್ಲಿ ಅಂತ ಇಲ್ಲಿ ಬರೀತಿದೀನಿ. ಊರಲ್ಲಿ ಯಾವ್ದು ಇವತ್ತೇ ಶುರುವಾಗುತ್ತೋ ಅದನ್ನ ಮಾಡ್ಸಿ.

ಕಾರಣ ಹೇಳ್ತೀನಿ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವ್ರು ಎಕ್ಸ್‌ಚೇಂಜ್ ಮಾಡಿದ 71 ಜನರ ಲೆಕ್ಕ 2001ರಲ್ಲಿ ಕೊಟ್ರು. ಕ್ರಿಯಾಟಿನಿನ್ 5.7ರ ಒಳಗಿದ್ದಾಗ ಶುರು ಮಾಡಿದವ್ರಲ್ಲಿ ವರ್ಷದ ನಂತ್ರ 95% ಜನಕ್ಕೆ ಕಿಡ್ನಿ ಉಳಿದಿತ್ತು, ಡಯಾಲಿಸಿಸ್‌ಗೆ ಬಂದ ಮೇಲೆ ಶುರು ಮಾಡಿದವ್ರಲ್ಲಿ ಬರೀ 8%. ನಿಮ್ಮ ತಮ್ಮ 4.8ರಲ್ಲಿದಾನೆ, ಇದು ದಿನದಿನಕ್ಕೂ ಏರುತ್ತೆ.

ಮೂರರ ಕೆಲಸವೂ ಕಿಡ್ನಿ ಪೊರೆನ ಹಾಳು ಮಾಡ್ತಿರೋ ಆಂಟಿಬಾಡಿ ತೆಗೆಯೋದೇ. ಎಕ್ಸ್‌ಚೇಂಜಲ್ಲಿ ಪ್ಲಾಸ್ಮಾನೆಲ್ಲ ಹೊರಗೆ ಹಾಕಿ ಬದಲಿಗೆ ಆಲ್ಬುಮಿನ್ ಅಥವಾ ದಾನಿಗಳ ಪ್ಲಾಸ್ಮಾ ಕೊಡ್ತಾರೆ, ಕೆಜಿಗೆ 60 ಎಂಎಲ್ ಲೆಕ್ಕ, 4 ಲೀಟರ್ ಮೀರದ ಹಾಗೆ, ದಿನಾ, ಸುಮಾರು 14 ದಿನ ಅಥವಾ ಆಂಟಿಬಾಡಿ ಕಾಣದೇ ಹೋಗೋವರೆಗೆ. 60 ಕೆಜಿಯವ್ರಿಗೆ 3.6 ಲೀಟರ್ ಆಯ್ತಲ್ಲ, ಪೂರ್ತಿ 5% ಆಲ್ಬುಮಿನ್ನಲ್ಲೇ ತುಂಬಿದ್ರೆ, ಅದನ್ನ ತಯಾರಿಸೋಕೆ 20%ದ 100 ಎಂಎಲ್ ಬಾಟ್ಲಿ ದಿನಕ್ಕೆ 9 ಬೇಕು, ಫಾರ್ಮಸಿ ಬಿಲ್ ನೋಡಿ ಮನೆಯವ್ರು ಗಾಬರಿ ಆಗೋದು ಇಲ್ಲೇ. ಡಿಎಫ್‌ಪಿಪಿಲಿ ಎರಡನೇ ಫಿಲ್ಟರ್ ದೊಡ್ಡ ಕಣಗಳನ್ನ ಮಾತ್ರ ತಡೆದು ಆಲ್ಬುಮಿನ್ನಲ್ಲಿ ಬಹುಪಾಲು ವಾಪಸ್ ಕೊಡುತ್ತೆ, ಖರ್ಚು ಉಳಿಯೋದು ನಿಜ. ಆದ್ರೆ ರಕ್ತ ಹೆಪ್ಪುಗಟ್ಟಿಸೋ ಫೈಬ್ರಿನೋಜನ್ನೂ ದೊಡ್ಡ ಕಣವೇ, ಅದೂ ಹೋಗುತ್ತೆ, ಆಗ್ಲೇ ಬಯಾಪ್ಸಿ ಆಗಿರೋ, ಕೆಮ್ಮಿದ್ರೆ ರಕ್ತ ಬರೋ ಪೇಷಂಟ್‌ಗೆ ನಾನಂತೂ ದಾನಿ ಪ್ಲಾಸ್ಮಾ ಕೊಟ್ಟು ಸಾದಾ ಎಕ್ಸ್‌ಚೇಂಜೇ ಅಂತೀನಿ. ಭಾವ ಹೇಳಿದ್ದು ತಪ್ಪಲ್ಲ, ಇಮ್ಯುನೋಅಡ್ಸಾರ್ಪ್ಷನ್ ಕಾಲಮ್ (ಪ್ಲಾಸ್ಮಾ ಹಾಯಿಸೋ ಕೊಳವೆ) ಆಂಟಿಬಾಡಿನೇ ಹಿಡಿದು ಉಳಿದಿದ್ದನ್ನ ಹೆಚ್ಚುಕಮ್ಮಿ ಹಾಗೇ ಬಿಡುತ್ತೆ, ಬದಲಿ ದ್ರವವೂ ಬೇಡ, ಆದ್ರೆ ದುಬಾರಿ, ನಮ್ಮ ಕಡೆ ಸಿಗೋ ಜಾಗ ಕಮ್ಮಿ.

ಯಾವ್ದೇ ಮಾಡ್ಸಿದ್ರೂ ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸೋ ಸ್ಟಿರಾಯ್ಡ್, ಸೈಕ್ಲೋಫಾಸ್ಫಮೈಡ್ ಬೇಕೇ ಬೇಕು, ಇಲ್ದಿದ್ರೆ ದೇಹ ಮತ್ತೆ ಆಂಟಿಬಾಡಿ ತಯಾರಿಸ್ತಾನೇ ಇರುತ್ತೆ. ಆ ದಿನದ ಔಷಧಿ ಪ್ಲಾಸ್ಮಾ ಮುಗಿದ ಮೇಲೇ ಕೊಡ್ಬೇಕು.

ಚಿಕ್ಕಮ್ಮನಿಗೆ ಸಾಮಾನ್ಯವಾಗಿ ಬೇಡ. 1992ರಲ್ಲಿ ಅಮೆರಿಕದಲ್ಲಿ 86 ಲೂಪಸ್ ಕಿಡ್ನಿ ಪೇಷಂಟ್‌ಗಳ ಮೇಲೆ ನೋಡಿದಾಗ ಔಷಧಿ ಜೊತೆ ಪ್ಲಾಸ್ಮಾ ತೆಗೆಯೋದನ್ನ ಸೇರ್ಸಿ ಲಾಭ ಆಗ್ಲಿಲ್ಲ. ಆಂಕಾ ಕಾಯಿಲೇಲೂ (ಆಂಟಿಬಾಡಿಯಿಂದ ಸಣ್ಣ ರಕ್ತನಾಳಗಳು ಉರಿಯೂತಕ್ಕೆ ಒಳಗಾಗೋದು) 2020ರ ಪೆಕ್ಸಿವಾಸ್ ಟ್ರಯಲ್, 704 ಜನ, ಎಲ್ಲರಿಗೂ ಮಾಡೋದ್ರಿಂದ ಸಾವು, ಡಯಾಲಿಸಿಸ್ ಕಮ್ಮಿ ಆಗ್ಲಿಲ್ಲ.

ಮಷಿನ್ ಮೇಲಿರುವಾಗ ತುಟಿ ಜುಮ್ ಅಂದ್ರೆ ಕ್ಯಾಲ್ಸಿಯಂ ಇಳಿದಿರ್ಬಹುದು, ತಕ್ಷಣ ಸಿಸ್ಟರ್‌ಗೆ ಹೇಳ್ಲಿ. ಸಿಗರೇಟ್ ಸೇದ್ತಿದ್ರೆ ಇವತ್ತಿಗೇ ಬಿಡ್ಸಿ, ಈ ಕಾಯಿಲೇಲಿ ಶ್ವಾಸಕೋಶದಲ್ಲಿ ರಕ್ತಸ್ರಾವ ಆಗೋದು ಸೇದೋರಲ್ಲೇ ಜಾಸ್ತಿ.