‘ವೆಲ್ಲಿ’ ಹುಟ್ಟಿದ್ದು ಬೂಟಿನಿಂದಲ್ಲ

ಪ್ರಿಯ ಲೇಖಕರೇ,

ಇಂಗ್ಲೆಂಡಿನ ಲ್ಯಾಂಕಾಶೈರ್, ಚೆಷೈರ್ ಕಡೆಯ ಆಡುಮಾತಿನಲ್ಲಿ ‘ಹೆಚ್ಚುಕಡಿಮೆ’ ಎಂಬ ಅರ್ಥ ಕೊಡುವ ‘ವೆಲ್ಲಿ’ ಪದದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಇಷ್ಟು ಸಣ್ಣ ಪದದ ಬೆನ್ನು ಹತ್ತಿದ್ದು ನನಗೆ ತುಂಬ ಹಿಡಿಸಿತು. ಆದರೆ ಈಗಿರುವಂತೆ ಪ್ರಕಟಿಸಲಾರೆ.

ಮೊದಲ ತೊಡಕು ಬೂಟಿನದು. ವೆಲಿಂಗ್ಟನ್ ಡ್ಯೂಕನ ಹೆಸರಿನ ಮಳೆಗಾಲದ ಬೂಟಿಗೂ ‘ವೆಲ್ಲಿ’ ಎನ್ನುತ್ತಾರೆ, ನಿಜ. ಈ ಅರ್ಥವೂ ಅಲ್ಲಿಂದಲೇ ಬಂತೆಂದು ಬರೆದಿದ್ದೀರಿ. ಉಚ್ಚಾರ ಒಂದೇ ಆದ ಮಾತ್ರಕ್ಕೆ ಮೂಲ ಒಂದೇ ಆಗದು. ಬೂಟಿಗೆ ಆ ಮೊಟಕು ಹೆಸರು ಬಂದದ್ದು 20ನೇ ಶತಮಾನದಲ್ಲಿ. ಜೋಸೆಫ್ ರೈಟ್ 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ಇಂಗ್ಲಿಷ್ ಉಪಭಾಷೆಗಳ ನಿಘಂಟಿನಲ್ಲಿ ನಮ್ಮ ‘ವೆಲ್ಲಿ’ ಆಗಲೇ ಇದೆ. ಆರನೇ ಸಂಪುಟ ತೆರೆದು ನೋಡಿಯೇ ಮುಂದೆ ಬರೆಯಿರಿ.

ಮೂಲ ‘ವೆಲ್ ನೈ’. ಹಳೆಯ ಇಂಗ್ಲಿಷಿನ ‘ನೇಅಹ್’ ಎಂದರೆ ಹತ್ತಿರ. ಅದೇ ಸವೆದು ‘ನೈ’ ಆಯಿತು. ಇಂದಿನ ‘ನಿಯರ್’ ಮೊದಲಿಗೆ ಅದರ ‘ಇನ್ನೂ ಹತ್ತಿರ’ ಎಂಬ ರೂಪ, ‘ನೆಕ್ಸ್ಟ್’ ‘ಎಲ್ಲಕ್ಕಿಂತ ಹತ್ತಿರ’ ಎಂಬ ರೂಪ. ಇಷ್ಟು ಚೆಂದದ ಸಂಗತಿಯನ್ನು ಬಿಡಬೇಡಿ. ಇಲ್ಲಿನ ‘ವೆಲ್’ಗೆ ‘ಒಳ್ಳೆಯದು’ ಎಂಬ ಅರ್ಥವಿಲ್ಲ. ಅದು ಒತ್ತು ಕೊಡುವ ಪದ, ನಾವು ‘ಚೆನ್ನಾಗಿ ಬೈದರು’ ಅಂದಾಗಿನ ‘ಚೆನ್ನಾಗಿ’ಯ ಹಾಗೆ.

‘ನ’ಕಾರ ಎಲ್ಲಿ ಹೋಯಿತು? ‘ಕಾಲಕ್ರಮೇಣ ಬಿದ್ದುಹೋಯಿತು’ ಎಂದಿದ್ದೀರಿ, ಅಷ್ಟು ಸಾಲದು. ‘ಲ’ಕಾರದ ಬೆನ್ನಿಗೆ ಬಂದ ‘ನ’ಕಾರ ಇಂಗ್ಲಿಷಿನಲ್ಲಿ ಬೇರೆ ಕಡೆಯೂ ಬಿದ್ದಿದೆ. ‘ಮಿಲ್’ ಹಿಂದೆ ‘ಮಿಲ್ನ್’ ಆಗಿತ್ತು, ಬಟ್ಟೆ ಅಳೆಯುವ ‘ಎಲ್’ ‘ಎಲ್ನ್’ ಆಗಿತ್ತು. ಒತ್ತೆಲ್ಲ ‘ವೆಲ್’ ಮೇಲೆ ಬಿದ್ದಾಗ ಕೊನೆಯ ‘ನೈ’ ಕುಗ್ಗಿ ‘ಇ’ ಮಾತ್ರ ಉಳಿಯಿತು. ಜೋಡಿ ಉದಾಹರಣೆ ಬೇಕಿದ್ದರೆ 1611ರ ಇಂಗ್ಲಿಷ್ ಬೈಬಲಿನಲ್ಲಿದೆ: 73ನೇ ಕೀರ್ತನೆಯ 2ನೇ ವಚನದ ಮೊದಲರ್ಧದಲ್ಲಿ ‘ಆಲ್‌ಮೋಸ್ಟ್’, ಎರಡನೆಯದರಲ್ಲಿ ಅದೇ ಅರ್ಥಕ್ಕೆ ‘ವೆಲ್ ನೈ’.

ಅನುವಾದದಲ್ಲಿ ಒಂದು ದೊಡ್ಡ ತಪ್ಪಾಗಿದೆ. ‘ವೆಲ್ಲಿ ಕ್ಲೆಮ್ಡ್’ ಎಂಬುದನ್ನು ‘ಬಹುತೇಕ ಹತ್ತಿದೆ’ ಎಂದು ಮಾಡಿದ್ದೀರಿ. ಬೆಟ್ಟ ಹತ್ತುವ ‘ಕ್ಲೈಂಬ್’ಗೂ ಇದಕ್ಕೂ ಸಂಬಂಧವಿಲ್ಲ. ಆ ಸೀಮೆಯಲ್ಲಿ ‘ಕ್ಲೆಮ್’ ಎಂದರೆ ಹಸಿವಿನಿಂದ ಕಂಗೆಡುವುದು. ಜರ್ಮನ್ನಿನ ‘ಕ್ಲೆಮನ್’, ಅಂದರೆ ಇರುಕಿಸು ಎಂಬುದು, ಇದರ ದಾಯಾದಿ. ‘ಬಹುತೇಕ ಹಸಿದಿದ್ದೇನೆ’ ಎಂದರೂ ಕನ್ನಡವಾಗದು. ‘ಹಸಿವಿಗೆ ಪ್ರಾಣ ಹೋಗೋದೊಂದು ಬಾಕಿ’ ಎನ್ನಿ. ಆ ‘ಒಂದು ಬಾಕಿ’ಯಲ್ಲೇ ವೆಲ್ಲಿ ಕೂತಿದೆ. ಲೇಖನವನ್ನು ಈ ಸಾಲಿನಿಂದಲೇ ಶುರುಮಾಡಿ. ಬೂಟಿನ ಎರಡು ಪುಟ ತೆಗೆದರೆ ಜಾಗ ಸಿಗುತ್ತದೆ.

ಸಂಪಾದಕ