ಹಿಂದಿನ ಸೀಟಿನಲ್ಲಿ ಕೂತವರ ಕೆಲಸ

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ಇವರಿಗೆ ಬುಲೆಟ್ ಅಂದರೆ ಪ್ರಾಣ. ವಿಯೆಟ್ನಾಂಗೆ ಹೋಗಿ ಅಲ್ಲೇ ಬೈಕ್ ಬಾಡಿಗೆಗೆ ತೆಗೆದುಕೊಂಡು, ಹನೋಯ್‌ನಿಂದ ದಕ್ಷಿಣಕ್ಕೆ ಇಬ್ಬರೂ ಸುತ್ತೋಣ ಅಂತಿದ್ದಾರೆ. ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿದರೆ ಸಾಕು ಅಂತ ಟ್ರಾವೆಲ್ ಏಜೆಂಟ್ ಹೇಳಿದ್ದಾರಂತೆ. ಅಲ್ಲಿನ ಟ್ರಾಫಿಕ್ ವಿಡಿಯೊ ನೋಡಿದರೇ ನನಗೆ ಕೈಕಾಲು ನಡುಗುತ್ತದೆ. ಹೇಳಿಕೊಂಡರೆ, ‘ನೀನು ಗಟ್ಟಿಯಾಗಿ ಹಿಡಕೊಂಡು ಕೂತರೆ ಸಾಕು’ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಪರ್ಮಿಟ್ ವಿಷಯ. ಏಜೆಂಟ್ ಹೇಳಿದ್ದು ತಪ್ಪು. ನಮ್ಮ ಆರ್‌ಟಿಓ ಕೊಡುವ ಪರ್ಮಿಟ್ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್ಟನ್ನು. ಎರಡೂ ನೋಡುವುದಕ್ಕೆ ಒಂದೇ ತರಹದ ಪುಸ್ತಕ, ಆದರೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಬಾಡಿಗೆ ಅಂಗಡಿಯವರು ಲೈಸೆನ್ಸ್ ಕೇಳದೆಯೇ ಕೀ ಕೊಟ್ಟಾರು, ಅದನ್ನು ಅನುಮತಿ ಎಂದುಕೊಳ್ಳಬೇಡಿ. ಪೊಲೀಸರ ದಂಡ ಹೇಗೋ ಕಟ್ಟಬಹುದು. ಬಿದ್ದು ಕಾಲು ಮುರಿದರೆ, ಲೈಸೆನ್ಸ್ ಇಲ್ಲದೆ ಓಡಿಸಿದಿರಿ ಎಂದು ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಪರದೇಶದ ಆಸ್ಪತ್ರೆ ಬಿಲ್ ಮನೆ ಮಾರುವ ಮಟ್ಟಕ್ಕೂ ಹೋಗಬಹುದು.

ನಾವು 2019ರ ಮಾರ್ಚ್‌ನಲ್ಲಿ ಹನೋಯ್‌ನಿಂದ ಹೊಯಿ ಆನ್‌ವರೆಗೆ ಹದಿನೇಳು ದಿನ ಓಡಿಸಿದೆವು. ಆಗ ನಾವಿದ್ದದ್ದು ಮ್ಯೂನಿಕ್‌ನಲ್ಲಿ. ನಮ್ಮನೆಯವರು ಅಲ್ಲಿ ಬೈಕ್ ಪರೀಕ್ಷೆ ಪಾಸು ಮಾಡಿದ್ದರಿಂದ 1968ರ ಪರ್ಮಿಟ್ ಸಿಕ್ಕಿತ್ತು. ನಿಮಗೆ ಆ ದಾರಿ ಇಲ್ಲ. ಆದರೂ ವಿಯೆಟ್ನಾಂ ಬಿಡಬೇಕಿಲ್ಲ. ಉತ್ತರದ ಹಾ ಜಾಂಗ್ ಬೆಟ್ಟಗಳಲ್ಲಿ ಸ್ಥಳೀಯ ಚಾಲಕರು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಮೂರ್ನಾಲ್ಕು ದಿನ ಸುತ್ತಿಸುತ್ತಾರೆ. ನಿಮ್ಮಿಬ್ಬರಿಗೆ ಎರಡು ಬೈಕ್, ಇಬ್ಬರು ಚಾಲಕರು. ಅಲ್ಲಿನ ಮಾ ಪಿ ಲೆಂಗ್ ಘಾಟಿಯ ರಸ್ತೆಯನ್ನು 1960ರ ದಶಕದಲ್ಲಿ ಕೆಲಸಗಾರರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಂಡೆಗೆ ಜೋತುಬಿದ್ದು ಕಡಿದರು. ಕೆಳಗೆ ನ್ಯೊ ಕ್ವೇ ನದಿ ಹಸಿರು ದಾರದ ಹಾಗೆ ಕಾಣುತ್ತದೆ. ಅಂಥ ತಿರುವಿನಲ್ಲಿ ಹ್ಯಾಂಡಲ್ ಹಿಡಿದವರು ನದಿ ನೋಡುವ ಹಾಗಿಲ್ಲ. ಹಿಂದೆ ಕೂತರೆ ನಿಮ್ಮವರೂ ಕಣ್ತುಂಬ ನೋಡಬಹುದು. ಸ್ವಂತ ಬುಲೆಟ್ಟೇ ಬೇಕು ಅಂದರೆ ನೇಪಾಳಕ್ಕೆ ಹೋಗಿ. ಗಡಿಯಲ್ಲಿ ‘ಭನ್ಸಾರ್’ ಎಂಬ ಸುಂಕ ಕಟ್ಟಿ ನಮ್ಮ ಗಾಡಿಯನ್ನೇ ಒಯ್ಯಬಹುದು, ರಸ್ತೆಯೂ ನಮ್ಮ ಹಾಗೆ ಎಡಗಡೆಯದು. ಮಳೆಗಾಲದಲ್ಲಿ ಮಾತ್ರ ಬೇಡ, ಗುಡ್ಡ ಕುಸಿಯುತ್ತದೆ.

ಇನ್ನು ‘ಹಿಡಕೊಂಡು ಕೂತರೆ ಸಾಕು’ ಅನ್ನುವ ಮಾತು. ಇದನ್ನು ನಾನು ಒಪ್ಪುವುದೇ ಇಲ್ಲ.

ವಿಯೆಟ್ನಾಂನಲ್ಲಿ ಗಾಡಿ ಬಲಗಡೆ ಓಡುತ್ತದೆ. ನೀವು ಹೆದರುವ ಹನೋಯ್‌ನಲ್ಲಿ ನಮಗೇನೂ ಆಗಲಿಲ್ಲ. ಸುತ್ತ ನೂರಾರು ಸ್ಕೂಟರ್, ಆ ಪ್ರವಾಹವೇ ನಮ್ಮನ್ನು ಬಲಕ್ಕೆ ಒಯ್ಯುತ್ತಿತ್ತು. ಅಲ್ಲಿ ಹಾರ್ನ್ ಅಂದರೆ ಸಿಟ್ಟಲ್ಲ, ‘ನಾನಿಲ್ಲಿದ್ದೇನೆ’ ಅಂತ ಅಷ್ಟೇ. ಎರಡನೇ ದಿನಕ್ಕೆ ಕಿವಿ ಒಗ್ಗಿಹೋಯಿತು. ಅಪಾಯ ಬಂದದ್ದು ಖಾಲಿ ರಸ್ತೆಯಲ್ಲಿ. ಫೊಂಗ್ ನ್ಯಾ ಹತ್ತಿರ ಬೆಳಗ್ಗೆ ಆರೂವರೆಗೆ ಪೆಟ್ರೋಲ್ ಹಾಕಿಸಿ ಹೊರಟೆವು. ಬಂಕ್‌ನಿಂದ ಹೊರಬಿದ್ದ ಕೂಡಲೇ, ಇಪ್ಪತ್ತು ವರ್ಷ ನಮ್ಮೂರಲ್ಲಿ ಓಡಿಸಿದ ಕೈ ತಾನಾಗಿ ಎಡಕ್ಕೆ ತಿರುಗಿತು. ನೋಡುವುದಕ್ಕೆ ಏನೂ ತಪ್ಪು ಅನ್ನಿಸಲಿಲ್ಲ, ನನಗೂ. ತಿರುವಿನಲ್ಲಿ ಮರದ ದಿಮ್ಮಿ ಹೇರಿದ ಲಾರಿ ನೇರ ಎದುರಿಗೆ! ನಾನು ಕೂಗಿದ್ದು ಹೆಲ್ಮೆಟ್ಟಿನೊಳಗೇ ಉಳಿಯಿತು. ಅವರ ಬಲ ಭುಜಕ್ಕೆ ಎರಡೂ ಕೈಯಲ್ಲಿ ಹೊಡೆದೆ. ಗಾಡಿ ಮಣ್ಣಿನ ಅಂಚಿಗೆ ಸರಿಯಿತು, ಲಾರಿಯ ಗಾಳಿ ನಮ್ಮನ್ನು ಅಲ್ಲಾಡಿಸಿ ಹೋಯಿತು. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಆವತ್ತಿನಿಂದ ಗಾಡಿ ಹೊರಡುವಾಗಲೆಲ್ಲ ನಾನು ‘ಬಲ’ ಅನ್ನಬೇಕು, ಅವರು ‘ಬಲ’ ಎಂದು ತಿರುಗಿ ಹೇಳಬೇಕು. ಆಮೇಲೆಯೇ ಕ್ಲಚ್ ಬಿಡುವುದು. ಬಲ ಭುಜಕ್ಕೆ ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ನಿಲ್ಲಿಸು. ಯಾಕೆ ಅಂತ ಕೇಳುವುದು ನಿಂತ ಮೇಲೆ. ಎಡಕ್ಕೆ ತಿರುಗುವಾಗ ಎದುರಿನ ಸಾಲನ್ನು ದಾಟಬೇಕಾದ್ದರಿಂದ ಹಿಂದೆ ಬರುವ ಗಾಡಿಗಳನ್ನು ಎಡ ಭುಜದ ಮೇಲಿಂದ ನೋಡಿ ಹೇಳುವುದೂ ನನ್ನ ಕೆಲಸವಾಯಿತು. ಕೆಲಸ ಸಿಕ್ಕಿದ ಮೇಲೆ ನನ್ನ ಹೆದರಿಕೆ ಎಷ್ಟೋ ಇಳಿಯಿತು ಎನ್ನುವುದು ಸತ್ಯ. ಈ ಉತ್ತರವನ್ನು ನಿಮ್ಮವರಿಗೆ ಓದಿ ಹೇಳಿ. ನಿಮ್ಮ ಎರಡು ತಟ್ಟಿಗೆ ಗಾಡಿ ನಿಲ್ಲುತ್ತದೆ ಎಂದು ಅವರು ಮಾತು ಕೊಟ್ಟರೆ ಮಾತ್ರ ಹತ್ತಿ, ನೇಪಾಳವಾಗಲಿ ಚಿತ್ರದುರ್ಗವಾಗಲಿ.

ಪ್ರಶ್ನೆ: ನನಗೆ 52, ಯಜಮಾನರಿಗೆ 58. ವಿಯೆಟ್ನಾಂನಲ್ಲಿ ಬೈಕ್ ಓಡಿಸಲು ನಡೆಯುವ ಲೈಸೆನ್ಸ್ ಅವರಿಗಿದೆ. ಮಳೆ ಬಂದರೆ ಏನು ಗತಿ? ಬಟ್ಟೆ ಎಂಥದ್ದು ಹಾಕಬೇಕು?
– ಓದುಗರು, ಸಿಂಗಪುರ

ಉತ್ತರ: ಮನೆಯಿಂದ ರೇನ್‌ಕೋಟ್ ಒಯ್ಯಬೇಡಿ. ಅಲ್ಲಿ ಎರಡು ತಲೆಯ ರೇನ್‌ಕೋಟ್ ಸಿಗುತ್ತದೆ. ಒಂದೇ ಹಾಸು, ಅದಕ್ಕೆ ಮುಂದಿನವರಿಗೊಂದು ಟೋಪಿ, ಹಿಂದಿನವರಿಗೊಂದು ಟೋಪಿ. ಹ್ಯಾಂಡಲ್ ಮೇಲೆ ಇಳಿಬೀಳುವ ಭಾಗದಲ್ಲಿ ಹೆಡ್‌ಲೈಟ್ ಕಾಣಲಿ ಎಂದು ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ. ನಿನ್ ಬಿನ್ ದಾಟಿದ ಮೇಲೆ ಜಿನುಗು ಮಳೆಯಲ್ಲಿ ನಾವು ಇದರೊಳಗೆ ಸೇರಿಕೊಂಡು ನಲವತ್ತು ಕಿಲೋಮೀಟರ್ ಹೋದೆವು. ಅವರ ಬೆನ್ನಿನ ಬಿಸಿ, ನೆನೆದ ಪ್ಲಾಸ್ಟಿಕ್ಕಿನ ವಾಸನೆ ಈಗಲೂ ನೆನಪಿದೆ. ಅಂಚನ್ನು ಮಾತ್ರ ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳಿ, ಚಕ್ರಕ್ಕೆ ಸಿಕ್ಕಬಾರದು. ಅಲ್ಲಿನ ಗಾಡಿಗಳಿಗೆ ಸೀರೆ ಗಾರ್ಡ್ ಇರುವುದಿಲ್ಲ, ದುಪಟ್ಟಾ ಬೇಡವೇ ಬೇಡ. ಪಾದದ ಗಂಟು ಮುಚ್ಚುವ ಬೂಟು, ದಪ್ಪ ಪ್ಯಾಂಟು. ಇಳಿಯುವಾಗ ಎಡಗಡೆಯಿಂದಲೇ ಇಳಿಯಿರಿ. ಬಲಗಡೆಯ ಸೈಲೆನ್ಸರ್ ಮೀನಖಂಡವನ್ನು ಸುಡುತ್ತದೆ. ವಿದೇಶಿಯರಿಗೆ ಇದು ಎಷ್ಟು ಆಗುತ್ತದೆಂದರೆ ಆ ಸುಟ್ಟ ಗಾಯಕ್ಕೆ ‘ಸೈಗಾನ್ ಚುಂಬನ’ ಅಂತ ಹೆಸರೇ ಇದೆ. ದಿನಕ್ಕೆ 150 ಕಿಲೋಮೀಟರ್ ಮೀರಬೇಡಿ. ನಮಗೆ ಅಷ್ಟಕ್ಕೇ ಆರು ಗಂಟೆ ಹಿಡಿಯುತ್ತಿತ್ತು, ಸೊಂಟಕ್ಕೂ ಅದೇ ಮಿತಿ. ದಾರಿ ಬದಿಯ ಕಾಫಿ ಅಂಗಡಿಗಳಲ್ಲಿ ಜೋಕಾಲಿಯಂಥ ಬಲೆಯ ಹಾಸಿಗೆ ಕಟ್ಟಿರುತ್ತಾರೆ. ಒಂದು ಕಾಫಿ ಕುಡಿದು ಅರ್ಧ ಗಂಟೆ ಮಲಗಿದರೆ ಯಾರೂ ಏನೂ ಅನ್ನುವುದಿಲ್ಲ.

ದಾನಾಂಗ್ ಹತ್ತಿರದ ಹಾಯ್ ವಾನ್ ಘಾಟಿಗೆ ಒಂದು ದಿನ ಇಟ್ಟುಕೊಳ್ಳಿ. 2005ರಲ್ಲಿ ಸುರಂಗ ತೆರೆದ ಮೇಲೆ ಹೆಚ್ಚಿನ ಲಾರಿ, ಬಸ್ಸುಗಳು ಅದರೊಳಗೆ ಹೋಗುತ್ತವೆ. ಸುರಂಗದಲ್ಲಿ ಬೈಕ್ ಓಡಿಸುವ ಹಾಗಿಲ್ಲ, ಹಾಗಾಗಿ ಹಳೆಯ ಘಾಟಿ ರಸ್ತೆ ಹೆಚ್ಚುಕಡಿಮೆ ನಮ್ಮಂಥವರದ್ದೇ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೆ?
– ಓದುಗರು, ಶಿರಸಿ

ಉತ್ತರ: ‘ಚಾಯ್’ ಅನ್ನುವ ಪದ ಕಲಿಯಿರಿ. ಅದು ಟೀ ಅಲ್ಲ, ಅಲ್ಲಿ ಸಸ್ಯಾಹಾರ ಎಂದು ಅರ್ಥ. ಬರೀ ‘ಮಾಂಸ ಬೇಡ’ ಅಂದರೆ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಹಾಕಿಕೊಡುತ್ತಾರೆ, ಕೆಟ್ಟ ಮನಸ್ಸಿನಿಂದಲ್ಲ, ಅವರಿಗೆ ಅದು ಉಪ್ಪಿದ್ದ ಹಾಗೆ. ಅವರ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಬೌದ್ಧರು ಅನೇಕರು ಮಾಂಸ ತಿನ್ನುವುದಿಲ್ಲ. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡು ಹೋಗಿ. ಹ್ಯೂ ಪಟ್ಟಣದಲ್ಲಿ ಹುಣ್ಣಿಮೆಯ ದಿನ ಒಂದು ಸಣ್ಣ ಅಂಗಡಿಯ ಅಜ್ಜಿ ನಮಗೆ ಅನ್ನ, ತೋಫು, ಹಲಸಿನ ಎಳೆಗಾಯಿಯ ಪಲ್ಯ ಬಡಿಸಿದರು. ನಮ್ಮನೆಯವರು ಎರಡು ಸಲ ಹಾಕಿಸಿಕೊಂಡರು.